ಬಾವಿಗಳ ಮೇಲೆ ನಿಂತ ಗುಮ್ಮಟ

ಮದರಾಸು ಅಂದರೆ ನಮ್ಮ ಹಲವಾಗಲಿನ ಹಳಬರಿಗೆ ಸಿನಿಮಾದ ಊರಲ್ಲ, ಸರ್ಕಾರದ ಊರು. 1953ರ ಅಕ್ಟೋಬರ್‌ವರೆಗೆ ಹರಪನಹಳ್ಳಿ ತಾಲ್ಲೂಕು ಬಳ್ಳಾರಿ ಜಿಲ್ಲೆಯ ಜೊತೆ ಮದರಾಸಿಗೇ ಸೇರಿತ್ತು. (ಆಮೇಲೆ 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ಊರು ಇದ್ದಲ್ಲೇ ಇದೆ, ವಿಳಾಸ ತಿರುಗುತ್ತಿದೆ.) ಚೆನ್ನೈನ ಎಗ್ಮೋರಿನಲ್ಲಿರುವ ಸೇಂಟ್ ಆಂಡ್ರೂಸ್ ಚರ್ಚನ್ನು ನೋಡಲು ಹೋಗುವಾಗ ಹಳೆಯ ನಂಟಿನ ಮನೆಗೆ ಹೊರಟಂತಿತ್ತು.

ಜೊತೆಗಿದ್ದ ಗೆಳೆಯ ಗೇಟಿನಲ್ಲೇ ತೀರ್ಪು ಕೊಟ್ಟ: "ಇದು ಲಂಡನ್ನಿನ ನಕಲು. ಇದರಲ್ಲಿ ನಮ್ಮದೇನಿದೆ?"

ಮುಂಭಾಗದ ಮಟ್ಟಿಗೆ ಅವನ ಮಾತು ನಿಜ. ಸಾಲುಗಂಬ, ಮೇಲೊಂದು ತ್ರಿಕೋನ, ಅದರ ಹಿಂದೆ ಚೂಪು ಗೋಪುರ. ಗ್ರೀಕ್ ಮತ್ತು ರೋಮನ್ ದೇಗುಲಗಳ ಅಳತೆಯನ್ನು ಯುರೋಪು ಮತ್ತೆ ಕೈಗೆತ್ತಿಕೊಂಡಾಗ ಹುಟ್ಟಿದ ನವಶಾಸ್ತ್ರೀಯ ಶೈಲಿ ಅದು. ಮಾದರಿ, 1720ರ ದಶಕದಲ್ಲಿ ಜೇಮ್ಸ್ ಗಿಬ್ಸ್ ಲಂಡನ್ನಿನಲ್ಲಿ ಕಟ್ಟಿದ ಸೇಂಟ್ ಮಾರ್ಟಿನ್ ಚರ್ಚ್. ಒಳಗೆ ಕಾಲಿಟ್ಟರೆ ಮಾತ್ರ ಲೆಕ್ಕ ತಪ್ಪುತ್ತದೆ. ಉದ್ದನೆಯ ಹಜಾರ ಇರಬೇಕಾದ ಕಡೆ ದುಂಡನೆಯ ಸಭಾಂಗಣ, ಸುತ್ತ ಹದಿನಾರು ಕಂಬ, ನೆತ್ತಿಯ ಮೇಲೆ ಕಡುನೀಲಿ ಗುಮ್ಮಟ, ಅದರಲ್ಲಿ ಚಿನ್ನದ ಬಣ್ಣದ ಚುಕ್ಕಿಗಳು. ಗಿಬ್ಸ್ ಸೇಂಟ್ ಮಾರ್ಟಿನ್‌ಗೂ ಇಂಥದೇ ದುಂಡು ನಕ್ಷೆ ಬರೆದಿದ್ದ. ಒಪ್ಪಿಗೆ ಸಿಗದೆ ಅದು 1728ರ ಅವನ ಪುಸ್ತಕದಲ್ಲೇ ಉಳಿಯಿತು. ಲಂಡನ್ನಿಗೆ ಬೇಡವಾದದ್ದು ಎಗ್ಮೋರಿನಲ್ಲಿ 1818ರಿಂದ 1821ರ ನಡುವೆ ಎದ್ದು ನಿಂತಿತು.

ಕಟ್ಟಿಸಿದ ಎಂಜಿನಿಯರ್ ಥಾಮಸ್ ಡಿ ಹ್ಯಾವಿಲ್ಯಾಂಡ್. ಆತ ಇದಕ್ಕೂ ಮೊದಲು, 1808ರ ಸುಮಾರಿಗೆ, ಶ್ರೀರಂಗಪಟ್ಟಣದಲ್ಲಿ ತನ್ನ ಮನೆಯ ಆವರಣದಲ್ಲೇ 112 ಅಡಿ ಅಗಲದ ಇಟ್ಟಿಗೆ ಕಮಾನು ಕಟ್ಟಿ ನಿಲ್ಲಿಸಿದ್ದ. ಅದು ಬಿದ್ದದ್ದು 1930ರ ದಶಕದಲ್ಲಿ. ಇಟ್ಟಿಗೆಯ ತಾಕತ್ತನ್ನು ಅವನು ಕಾವೇರಿ ದಡದಲ್ಲಿ ಪರೀಕ್ಷೆ ಮಾಡಿದ್ದ. ಎಗ್ಮೋರಿನ ಗುಮ್ಮಟವೂ ಇಟ್ಟಿಗೆಯದೇ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಣ್ಣಿಗೆ ಕಾಣದ ಭಾಗ. ಎಗ್ಮೋರಿನ ನೆಲ ಮೆದು, ತುಸು ಅಗೆದರೆ ನೀರು. ಅಷ್ಟು ಭಾರ ಹೊರಲು ನಮ್ಮ ನಾಡಿನ ಹಳೆಯ ಉಪಾಯವನ್ನೇ ಬಳಸಿದರು: ಬಾವಿಗಳ ಅಡಿಪಾಯ. ನೆಲದ ಮೇಲೆ ಬಳೆಯಂತೆ ಗೋಡೆ ಕಟ್ಟುವುದು, ಒಳಗಿಳಿದು ಮಣ್ಣು ತೆಗೆಯುವುದು, ಬಳೆ ತನ್ನ ಭಾರಕ್ಕೆ ತಾನೇ ಇಳಿದಂತೆ ಮೇಲೆ ಮತ್ತೊಂದು ವರಸೆ ಕಟ್ಟುವುದು. ಗಟ್ಟಿ ನೆಲ ಸಿಕ್ಕ ಮೇಲೆ ಹೊಟ್ಟೆ ತುಂಬಿ ಮುಚ್ಚುವುದು. ಹೀಗೆ ನೂರಕ್ಕೂ ಹೆಚ್ಚು ಬಾವಿ. ಕೆಲವು ಐವತ್ತು ಅಡಿಯವರೆಗೆ.

ಇದನ್ನು ಓದಿದಾಗ ನನ್ನ ಮುತ್ತಜ್ಜ ಕಣ್ಮುಂದೆ ಬಂದ. ತುಂಗಭದ್ರೆಯ ದಂಡೆಯ ಮರಳುಮಣ್ಣಿನಲ್ಲಿ ಅವನು ಹೀಗೇ ಬಾವಿ ಇಳಿಸುತ್ತಿದ್ದನಂತೆ. ವ್ಯತ್ಯಾಸವೆಂದರೆ, ಕೊನೆಗೆ ತುಂಬುತ್ತಿರಲಿಲ್ಲ, ನೀರಿಗೆ ಬಿಡುತ್ತಿದ್ದ. ಬೋರ್‌ವೆಲ್ ಬಂದ ಮೇಲೆ ಆ ಬಾವಿಗಳಿಗೆ ಊರು ಕಸ ಸುರಿದು ತುಂಬಿತು. ನಮ್ಮ ಮನೆಯಲ್ಲಿ ಆ ಕಸುಬಿನ ಮಾತೇ ಇರಲಿಲ್ಲ. ಕಾಲೇಜಿನ ಅರ್ಜಿಯಲ್ಲಿ ಮನೆತನದ ಕಸುಬು ಅಂತ ಅಪ್ಪ ಬರೆಸಿದ್ದು 'ಒಕ್ಕಲುತನ'. ಬಾವಿ ಕೆಲಸ ಅಂದರೆ ಕೆಸರು, ಕೂಲಿ. ಅದನ್ನು ವಾಸ್ತುಶಿಲ್ಪ ಅಂತ ಯಾರೂ ಕರೆದಿರಲಿಲ್ಲ. ಗಿಬ್ಸ್‌ನ ಹೆಸರಿಗೆ ಇರುವ ಪುಟಗಳು ಬಳೆಯೊಳಗೆ ಇಳಿದವರಿಗೆ ಇಲ್ಲ.

ಗೆಳೆಯನಿಗೆ ಇಷ್ಟನ್ನೂ ಹೇಳಿದೆ. ಅವನು ನೆಲದ ಕಪ್ಪು ಬಿಳಿ ಚೌಕಗಳನ್ನು ನೋಡುತ್ತಾ ಸುಮ್ಮನಿದ್ದ.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಗುಮ್ಮಟ, ಚುಕ್ಕಿ, ಗೋಪುರ ಎಲ್ಲಕ್ಕೂ "ಹೂಂ" ಅಂದರು. ಬಾವಿಯ ವಿಷಯ ಬಂದಾಗ ತಡೆದು ಕೇಳಿದರು:

"ಎಷ್ಟಡಿ ಇಳಿಸ್ಯಾರಂತ?"

"ಕೆಲವು ಐವತ್ತು."

"ಮುತ್ತಜ್ಜ ನಲವತ್ತು ಇಳಿಸಿದ್ದ. ಹೊಳಿಕಡೆ ಹೊಲದಾಗ. ನಾ ಸಣ್ಣಾವಿದ್ದೆ, ಹಗ್ಗ ಹಿಡಿದು ದಂಡಿಮ್ಯಾಲೆ ಕುಂತಿದ್ದೆ."