ಬೆರಳಿಗೆ ಒಣಗಿದೆ, ಉಗುರಿಗೆ ಒಣಗಿಲ್ಲ

ಬಂದ ನೆಂಟರನ್ನು ಸೆರಗು ಹಿಡಿದು ನಿಲ್ಲಿಸಿಕೊಳ್ಳುವಷ್ಟು ಅಕ್ಕರೆ ಕೆಲವು ಮನೆಯವರಿಗೆ ಇರುವುದುಂಟು. ನಮ್ಮಲ್ಲಿ ಆ ಅಕ್ಕರೆ ಮನೆಯ ಬಾಗಿಲಿಗೇ ಇತ್ತು.

1998ರ ಜೂನ್ ಮೊದಲ ವಾರ. ಕುಮಟೆಯಲ್ಲಿ ಆಗಲೇ ಮಳೆ ಹಿಡಿದಿತ್ತು. ನಾದಿನಿಯ ಮಗಳ ನಿಶ್ಚಿತಾರ್ಥ ಅಜ್ಜನ ಮನೆಯಲ್ಲೇ ಆಗಲಿ ಎಂದು ಹಿರಿಯರು ಹೇಳಿದ್ದರಿಂದ ನಮ್ಮ ಹಳೆಯ ಮನೆಗೆ ಸುಣ್ಣ ಬಣ್ಣದ ಯೋಗ ಬಂದಿತ್ತು. ಗಂಡಿನ ಕಡೆಯವರು ಬಂದರು, ಕಾಲು ತೊಳೆದರು. ಗಂಡಿನ ತಾಯಿ ಹೊಸ್ತಿಲ ಬಳಿ ಯಾರನ್ನೋ ಮಾತಾಡಿಸುತ್ತ ಬಾಗಿಲಿಗೆ ತುಸು ಒರಗಿ ನಿಂತರು. ಒಳಗೆ ಬರಲು ಹೆಜ್ಜೆಯೆತ್ತಿದರೆ ಸೆರಗು ಬರಲೊಲ್ಲದು. ಮೆಲ್ಲಗೆ ಬಿಡಿಸಿಕೊಂಡು ನೋಡಿದರೆ ಕೆನೆಬಣ್ಣದ ರೇಷ್ಮೆಯ ಮೇಲೆ ಗೇಣುದ್ದದ ಹಸಿರು ಪಟ್ಟೆ! ಆಕೆ ದೊಡ್ಡ ಮನಸ್ಸಿನವರು. "ಇರಲಿ ಬಿಡಿ, ಹಸಿರು ಶುಭವೇ ಅಲ್ಲವೇ" ಎಂದುಬಿಟ್ಟರು. ಎಲ್ಲರೂ ನಕ್ಕರು. ನಾನು ಮಾತ್ರ ನಗಲಿಲ್ಲ. ಬಾಗಿಲಿಗೆ ಬಣ್ಣ ಹಚ್ಚಿ ಅಂದಿಗೆ ಹತ್ತು ದಿನ ಕಳೆದಿತ್ತು.

ಮರುದಿನ ಪೇಂಟರು ಬಾಕಿ ಕೂಲಿ ಕೇಳಲು ಬಂದ. ಮಳೆಯಲ್ಲಿ ಕೊಡೆ ಮಡಚಿ ಜಗುಲಿಯ ಕೆಳಗೆ ನಿಂತಿದ್ದವನನ್ನು ಬಾಗಿಲ ಬಳಿ ಕರೆದು, ಅವನದೇ ಹೆಬ್ಬೆರಳನ್ನು ಬಣ್ಣಕ್ಕೆ ಒತ್ತಿಸಿದೆ. ಗುರುತು ಮೂಡಿತು. "ಟರ್ಪೆಂಟೈನ್ ಬದಲು ಸೀಮೆಎಣ್ಣೆ ಬೆರೆಸಿದ್ದೀಯಾ, ನನಗೆ ತಿಳಿಯುವುದಿಲ್ಲ ಎಂದುಕೊಂಡೆಯಾ?" ಎಂದೆ. ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು. ಊರಿಗೆಲ್ಲ ಗೊತ್ತಿದ್ದ ಸಂಗತಿಯದು. "ಇಲ್ಲ ಅಕ್ಕೋರೆ, ದೇವರಾಣೆ" ಎಂದ. ನಾನು ಕೇಳಲಿಲ್ಲ. ಬಾಕಿಯಿದ್ದ 300 ರೂಪಾಯಿ ಕೊಡಲಿಲ್ಲ. ಅವನು ಇನ್ನೇನೋ ಹೇಳಲು ಬಾಯಿ ತೆರೆದು, ಮುಚ್ಚಿ, ಕೊಡೆ ಬಿಡಿಸಿಕೊಂಡು ಹೋದ. ನ್ಯಾಯ ಮಾಡಿದೆನೆಂಬ ಸಮಾಧಾನದಿಂದ ನಾನು ಒಳಗೆ ಬಂದು ಚಹಾ ಕುಡಿದೆ.

ಮಳೆಗಾಲ ಸಾಗಿತು. ಬಾಗಿಲು ಹಾಗೇ ಇತ್ತು. ಮಳೆಹುಳಗಳು ಬಂದು ಅಂಟಿದವು, ಕ್ಯಾಲೆಂಡರಿನ ಹಾಳೆ ಅಂಟಿತು, ಹಾದುಹೋದ ಬೆಕ್ಕಿನ ರೋಮವೂ ಅಂಟಿತು. ಪ್ರತಿಸಲವೂ ನಾನು ಪೇಂಟರಿನ ಹೆಸರಿಗೆ ಎರಡು ಮಾತು ಸೇರಿಸುತ್ತಿದ್ದೆ.

ಚೌತಿ ಹತ್ತಿರ ಬಂತು. ಒಂದು ದಿನ ಕಾಲೇಜಿಗೆ ರಜೆಯಿದ್ದು ಮನೆಯಲ್ಲಿದ್ದೆ. ಬೆಳಿಗ್ಗೆ ಅತ್ತೆ ಒಂದು ಬಟ್ಟಲಲ್ಲಿ ತೆಂಗಿನೆಣ್ಣೆ, ಒಂದು ಹಳೇ ಪಂಚೆಯ ಚೂರು ಹಿಡಿದು ಹೆಬ್ಬಾಗಿಲ ಮುಂದೆ ಕುಳಿತಿದ್ದರು. ಎಣ್ಣೆ ಅದ್ದುವುದು, ತಿಕ್ಕುವುದು. "ಎಂತದೇ ಇದು ಮಾರಾಯ್ತಿ, ಈ ವರ್ಷ ಬಾಗಿಲು ಎಣ್ಣೆ ಕುಡಿತಾನೇ ಇಲ್ಲ" ಎಂದರು.

"ನೀವು ಬಾಗಿಲಿಗೆ ತೆಂಗಿನೆಣ್ಣೆ ಹಚ್ಚುತ್ತೀರಾ?" ಎಂದು ಕೇಳಿದೆ.

"ಈ ಮನೆಗೆ ಸೇರಿದಾಗಿನಿಂದ ಹಚ್ಚುತ್ತಿದ್ದೇನೆ. ಚೌತಿಗೆ ಒಂದು ಸಲ, ದೀಪಾವಳಿಗೆ ಒಂದು ಸಲ. ಇಲ್ಲದಿದ್ದರೆ ಆ ಹೊಳಪು ಎಲ್ಲಿಂದ ಬಂತು ಅಂತ ಮಾಡಿದ್ದೆ?"

ನಾನು ಏನೂ ಮಾಡಿರಲಿಲ್ಲ. ಹನ್ನೆರಡು ವರ್ಷ ಆ ಬಾಗಿಲಿನಲ್ಲಿ ಓಡಾಡಿದ್ದೆ. ಅದು ಹೊಳೆಯುತ್ತಿತ್ತು. ಹೊಳಪಿನ ಹಿಂದೆ ಒಂದು ಕೈ ಇರಬಹುದೆಂದು ಯೋಚಿಸಿರಲಿಲ್ಲ. ನಾನು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಹೊತ್ತಿಗೆ ಅತ್ತೆ ಇಲ್ಲಿ ಕುಳಿತು ತಿಕ್ಕುತ್ತಿದ್ದರು.

ಆಗ ಇನ್ನೊಂದು ಮಾತು ನೆನಪಾಗಿ ಎದೆ ಧಸಕ್ಕೆಂದಿತು. ಕೆಲಸ ಶುರುಮಾಡುವ ದಿನ ಪೇಂಟರು ಆ ಬಾಗಿಲನ್ನು ಅಂಗೈಯಿಂದ ಸವರಿ, ಬೆರಳನ್ನು ಮೂಸಿ, "ಇದಕ್ಕೆ ಎಂತಾದ್ರೂ ಹಾಕ್ತಿದ್ರಾ ಅಕ್ಕೋರೆ?" ಎಂದು ಕೇಳಿದ್ದ. ನಾನು ಕಾಲೇಜಿಗೆ ಹೊರಟ ಗಡಿಬಿಡಿಯಲ್ಲಿ, "ಏನೂ ಇಲ್ಲ, ಬೇಗ ಮುಗಿಸು" ಎಂದಿದ್ದೆ.

ಒಣಗುವುದು ಎಂದರೆ ನಮಗೆಲ್ಲ ಗೊತ್ತಿರುವುದು ನೀರು ಹೋಗುವುದು. ಬಟ್ಟೆ, ಹಪ್ಪಳ, ಕೊಬ್ಬರಿ, ಅಡಿಕೆ, ಎಲ್ಲವೂ ಏನನ್ನೋ ಕಳೆದುಕೊಂಡೇ ಒಣಗುತ್ತವೆ, ಹಗುರಾಗುತ್ತವೆ. ಎಣ್ಣೆಬಣ್ಣದ ಕಥೆ ಬೇರೆ. ಮೊದಲ ಕೆಲವು ಗಂಟೆ ಟರ್ಪೆಂಟೈನ್ ಹಾರಿಹೋಗುವುದು ನಿಜ, ಮೂಗಿಗೆ ಬಡಿಯುವ ವಾಸನೆ ಹೆಚ್ಚಿನಂಶ ಅದರದೇ. ನಿಜವಾದ ಕೆಲಸ ಆಮೇಲೆ. ಉಳಿದ ಎಣ್ಣೆ ಗಾಳಿಯಿಂದ ಆಮ್ಲಜನಕವನ್ನು ಹೀರತೊಡಗುತ್ತದೆ. ಗಾಜಿನ ತುಂಡಿಗೆ ಅಗಸೆ ಎಣ್ಣೆಯನ್ನು ತೆಳ್ಳಗೆ ಬಳಿದು ದಿನವೂ ತೂಗಿ ನೋಡಿದರೆ, ಗಟ್ಟಿಯಾಗುವ ದಿನಗಳಲ್ಲಿ ಅದರ ತೂಕ ಇಳಿಯುವುದಿಲ್ಲ, ಏರುತ್ತದೆ! ಎಣ್ಣೆಯ ಅಣುಗಳಲ್ಲಿ ದ್ವಿಬಂಧಗಳೆಂಬ ಜಾಗಗಳಿವೆ. ಆಮ್ಲಜನಕ ಅವುಗಳ ಪಕ್ಕದಲ್ಲಿ ಕೈಯಾಡಿಸುತ್ತದೆ. ಆಮೇಲೆ ಒಂದು ಅಣು ಇನ್ನೊಂದರ ಕೈ ಹಿಡಿಯುತ್ತದೆ, ಅದು ಮತ್ತೊಂದರದು. ಹೀಗೆ ಹರಿಯುವ ಎಣ್ಣೆ ಒಂದು ಬಲೆಯಾಗಿ ಹೆಣೆದುಕೊಂಡು ನಿಲ್ಲುತ್ತದೆ. ಒಮ್ಮೆ ಹೆಣೆದ ಮೇಲೆ ಅದು ಮತ್ತೆ ಎಣ್ಣೆಯಾಗಿ ಹರಿಯದು.

ಆದರೆ ಎಲ್ಲ ಎಣ್ಣೆಗಳಿಗೂ ಕೈಗಳಿರುವುದಿಲ್ಲ. ಯಾವ ಎಣ್ಣೆಗೆ ಎಷ್ಟಿವೆಯೆಂದು ಅಳೆಯಲು ಅಯೋಡಿನ್ ಮೌಲ್ಯವೆಂಬ ಲೆಕ್ಕವಿದೆ. 100 ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೋಡಿನ್ ಹಿಡಿದುಕೊಳ್ಳುತ್ತದೆ ಎಂಬುದೇ ಅದು. ಅಗಸೆ ಎಣ್ಣೆಗೆ 170ಕ್ಕೂ ಮೇಲೆ. ಕುಸುಬೆ, ಸೂರ್ಯಕಾಂತಿ ಎಣ್ಣೆಗಳು ನಡುವೆ. ತೆಂಗಿನೆಣ್ಣೆಗೆ ಹತ್ತರ ಆಸುಪಾಸು. ಇದನ್ನು ನಾನು ವರ್ಷ ವರ್ಷ ಹಲಗೆಯ ಮೇಲೆ ಬರೆದು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೆ. ಪುರಾವೆ ನನ್ನ ಅಡುಗೆಮನೆಯಲ್ಲೇ ಇತ್ತು. ಸೂರ್ಯಕಾಂತಿ ಎಣ್ಣೆಯ ಡಬ್ಬಿಯ ಬಾಯಿಗೆ ಹಳದಿ ಅಂಟು ಕಟ್ಟುತ್ತದೆ, ಎಷ್ಟು ತಿಕ್ಕಿದರೂ ಬಿಡುವುದಿಲ್ಲ. ತೆಂಗಿನೆಣ್ಣೆಯ ಬಾಟಲಿಗೆ ಅಂಥ ಅಂಟು ಕಟ್ಟುವುದನ್ನು ಯಾರೂ ನೋಡಿರಲಾರರು. ಅದು ಹಳಸಿ ಕಮಟು ವಾಸನೆ ಬಂದೀತು, ಒಣಗಲಾರದು. ದೋಸೆ ಕಾವಲಿಗೆ ಎಣ್ಣೆ ಸವರಿ ಸವರಿ ಕಾಯಿಸಿ ಪಳಗಿಸುತ್ತೇವಲ್ಲ, ಆ ನುಣುಪಾದ ಕಪ್ಪು ಪದರವೂ ಎಣ್ಣೆಬಣ್ಣದ ನೆಂಟನೇ. ಅಲ್ಲಿ ಬೆಂಕಿಯ ಕಾವು ಕೆಲಸವನ್ನು ಬೇಗ ಮುಗಿಸುತ್ತದೆ, ಇಲ್ಲಿ ಗಾಳಿ ನಿಧಾನಕ್ಕೆ ಮಾಡುತ್ತದೆ.

ಡಬ್ಬಿಯಲ್ಲಿ ಬರುವ ಎನಾಮೆಲ್ ಬಣ್ಣದಲ್ಲಿ ಬರೀ ಎಣ್ಣೆಯಲ್ಲ, ಆಲ್ಕಿಡ್ ಎಂಬ ರಾಳವಿರುತ್ತದೆ. ಆ ರಾಳದೊಳಗೂ ಎಣ್ಣೆಯ ಇಂಥ ಆಮ್ಲಗಳನ್ನೇ ಪೋಣಿಸಿರುತ್ತಾರೆ. ಅದೂ ಗಾಳಿ ಕುಡಿದೇ ಗಟ್ಟಿಯಾಗಬೇಕು. ನಮ್ಮ ಬಾಗಿಲಿನಲ್ಲಿ ಆದದ್ದು ಇಷ್ಟೇ: ಮರದೊಳಗೆ ದಶಕಗಳ ತೆಂಗಿನೆಣ್ಣೆ ಕುಳಿತಿತ್ತು. ಮೇಲೆ ಬಣ್ಣ ಬಿದ್ದಾಗ ಅದು ಬಣ್ಣದೊಳಕ್ಕೆ ಏರಿತು. ಕೈ ಹಿಡಿಯಲು ಹೊರಟವರ ನಡುವೆ ಕೈಯಿಲ್ಲದ ಎಣ್ಣೆ ನುಸುಳಿ ನಿಂತಿತು. ಬಲೆ ಹೆಣೆಯಲೇ ಇಲ್ಲ. ಮಳೆಗಾಲದ ತೇವ ಇನ್ನಷ್ಟು ತಡಮಾಡಿತು. ಪೇಂಟರಿನ ತಪ್ಪು ಒಂದೇ, ನನ್ನ ಮಾತು ನಂಬಿದ್ದು.

ಅಂದೇ ಮಧ್ಯಾಹ್ನ 300 ರೂಪಾಯಿ ಕೈಚೀಲದಲ್ಲಿ ಹಾಕಿಕೊಂಡು ಊರ ಅಂಚಿನಲ್ಲಿದ್ದ ಅವರ ಮನೆಗೆ ಹೋದೆ. ಹೆಂಡತಿ ಜಗುಲಿಯಲ್ಲಿ ಕುಳಿತು ತೆಂಗಿನ ಗರಿಯಿಂದ ಕಸಬರಿಗೆಯ ಕಡ್ಡಿ ಸೀಳುತ್ತಿದ್ದಳು. ಗಂಡ ಒಳಗಿನಿಂದ ಬಂದ. ನಾನು ನಡೆದದ್ದನ್ನು ಹೇಳಿ ಹಣ ಮುಂದಿಟ್ಟೆ. ಆತ ಹಿಗ್ಗಲೂ ಇಲ್ಲ, ಬಯ್ಯಲೂ ಇಲ್ಲ.

"ನಾನು ಆವತ್ತೇ ಮೂಸಿ ನೋಡಿದ್ದೆ ಅಕ್ಕೋರೆ. ತೆಂಗಿನೆಣ್ಣೆ ವಾಸನೆ ಬಂದಿತ್ತು. ನೀವು ಇಲ್ಲ ಅಂದ್ರಿ. ಕಲಿತವರು ಇಲ್ಲ ಅಂದ್ಮೇಲೆ ನನ್ನ ಮೂಗೇ ಸುಳ್ಳು ಅಂದ್ಕೊಂಡೆ."

ಹೆಂಡತಿ ತಲೆಯೆತ್ತದೆ ಕಡ್ಡಿ ಸೀಳುತ್ತಲೇ ಹೇಳಿದಳು: "ಜೂನ್ ತಿಂಗಳು ಅದು ಅಕ್ಕೋರೆ. ಮಕ್ಕಳಿಗೆ ಪುಸ್ತಕ ತರೋ ತಿಂಗಳು. ಮಳೆ ಹಿಡಿದ್ಮೇಲೆ ಇವರಿಗೆ ಕೆಲಸವೂ ಇರೋದಿಲ್ಲ."

ಅಷ್ಟೇ ಮಾತು. ಪುಸ್ತಕ ಹೇಗೆ ತಂದರೆಂದು ಕೇಳುವ ಧೈರ್ಯ ಪುಸ್ತಕ ಹಿಡಿದೇ ಬದುಕುವ ನನಗೆ ಬರಲಿಲ್ಲ. ಅಂದಿನಿಂದ ನನ್ನ ಬಾಯಲ್ಲಿ 'ನೀನು' ಹೋಗಿ 'ನೀವು' ಬಂತು. ಅದರಿಂದ ಅವರಿಗೇನೂ ಲಾಭವಾಗಲಿಲ್ಲ, ನನಗಾಯಿತು.

ದೀಪಾವಳಿ ಕಳೆದು ಬಿಸಿಲು ನಿಂತ ಮೇಲೆ ಅವರೇ ಬಂದು ಬಾಗಿಲನ್ನು ಸರಿಮಾಡಿದರು. ಈ ಸಲ ನಾನು ರಜೆ ಹಾಕಿ ಪಕ್ಕದಲ್ಲಿ ಕುಳಿತೆ. ಮೊದಲು ಅಂಟು ಬಣ್ಣವನ್ನೆಲ್ಲ ಕೆರೆದರು. ಚೂರುಗಳು ಅಂಗಳಕ್ಕೆ ಬೀಳದಂತೆ ಕೆಳಗೆ ಒದ್ದೆ ಗೋಣಿ ಹಾಸಿದ್ದರು, "ಮಕ್ಕಳು ಆಡುವ ಜಾಗ" ಎಂದು. ಆ ಕಾಲದ ಎಷ್ಟೋ ಬಣ್ಣಗಳಲ್ಲಿ ಸೀಸವಿರುತ್ತಿತ್ತು. ಮನೆಬಣ್ಣದಲ್ಲಿ ಸೀಸ ಹತ್ತು ಲಕ್ಷ ಪಾಲಿನಲ್ಲಿ 90 ಪಾಲು ಮೀರಬಾರದೆಂಬ ಸರ್ಕಾರಿ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಹಳೆಯ ಮನೆಯ ಬಣ್ಣ ಕೆರೆಸುವವರು ಇಂದಿಗೂ ಒಣಧೂಳು ಏಳಿಸದೆ, ಮಕ್ಕಳನ್ನು ದೂರವಿಡುವುದು ಒಳ್ಳೆಯದು.

ಆಮೇಲೆ ಸೋಡಾ ನೀರಿನಲ್ಲಿ ತೊಳೆದು, ಒಣಗಿಸಿ, ಟರ್ಪೆಂಟೈನ್ ಹಾಕಿ ಒರೆಸಿದರು, ಮತ್ತೆ ಒರೆಸಿದರು. ಪ್ರತಿಸಲವೂ ಮೂಸಿ ನೋಡುತ್ತಿದ್ದರು. ಕಡೆಗೆ, "ಇಷ್ಟು ಒಳ್ಳೆ ಮರಕ್ಕೆ ಬಣ್ಣ ಯಾಕೆ? ಕಾಯಿಸಿದ ಅಗಸೆ ಎಣ್ಣೆ ಕೊಡುವಾ" ಎಂದರು. ಅತ್ತೆಯ ಮುಖ ಅರಳಿತು. ಬಾಗಿಲಿಗೆ ಎಣ್ಣೆಯೇ ಸರಿಯೆಂಬ ಅವರ ಮಾತು ಗೆದ್ದಿತ್ತು, ಎಣ್ಣೆ ಯಾವುದೆಂಬುದಷ್ಟೇ ಬದಲು. ನನಗೋ ಧಾರವಾಡದ ಹಾಸ್ಟೆಲಿನಲ್ಲಿ ಜೋಳದ ರೊಟ್ಟಿಯ ಜೊತೆ ತಿಂದ ಅಗಸಿ ಚಟ್ನಿ ನೆನಪಾಯಿತು. ಈಗ ಅದನ್ನೇ ಫ್ಲ್ಯಾಕ್ಸ್ ಸೀಡ್ ಎಂದು ಚಂದದ ಪೊಟ್ಟಣದಲ್ಲಿ ಮಾರುತ್ತಾರೆ, ಒಮೇಗಾ-3 ಇದೆ ಎನ್ನುತ್ತಾರೆ. ಅದು ಮೂರು ದ್ವಿಬಂಧಗಳ ಲಿನೊಲೆನಿಕ್ ಆಮ್ಲ. ಬಾಗಿಲ ಮೇಲೆ ಗಟ್ಟಿಯಾಗುವುದೂ ಅದೇ. ಅಗಸೆ ಪುಡಿಯನ್ನು ಗಾಳಿಯಾಡದಂತೆ ಮುಚ್ಚಿಟ್ಟು ಬೇಗ ಮುಗಿಸಬೇಕು ಎನ್ನುವುದೂ ಅದಕ್ಕೇ.

ಎಣ್ಣೆಯನ್ನು ತೆಳ್ಳಗೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಹೆಚ್ಚಾದದ್ದನ್ನು ಒರೆಸಿ ತೆಗೆದರು. "ಒಂದೇ ಸಲ ದಪ್ಪ ಕೊಟ್ಟರೆ ಆಗದೇ?" ಎಂದೆ. "ಮೇಲೆ ಹಾಲಿನ ಕೆನೆ ಹಾಗೆ ಕಟ್ತದೆ, ಒಳಗೆ ಹಸಿ ಉಳೀತದೆ, ಆಮೇಲೆ ಸುಕ್ಕು" ಎಂದರು. ಸರಿಯೇ. ಮೇಲ್ಪದರ ಮೊದಲು ಬಿಗಿದುಕೊಂಡರೆ ಒಳಕ್ಕೆ ಗಾಳಿಯ ದಾರಿ ಮುಚ್ಚಿಹೋಗುತ್ತದೆ. ಬೇಗ ಒಣಗಲೆಂದು ಬಣ್ಣಕ್ಕೆ ಸೇರಿಸುವ ಕೋಬಾಲ್ಟ್ ಲವಣ ಹೆಚ್ಚಾದರೂ ಇದೇ ಪಾಡು.

ಒರೆಸಿದ ಬಟ್ಟೆ ಚೂರುಗಳನ್ನು ಅವರು ಬಿಸಾಡಲಿಲ್ಲ, ಹಪ್ಪಳದ ಹಾಗೆ ಒಂದೊಂದಾಗಿ ಪಾಗಾರದ ಮೇಲೆ ಹರವಿದರು. "ಗಂಟು ಕಟ್ಟಿ ಮೂಲೆಗೆ ಹಾಕಿದ್ರೆ ತಾನಾಗಿ ಬೆಂಕಿ ಬೀಳ್ತದೆ ಅಕ್ಕೋರೆ." ಆಮ್ಲಜನಕ ಸೇರುವಾಗ ಶಾಖ ಹೊಮ್ಮುತ್ತದೆ. ಹರವಿದ ಬಟ್ಟೆಯಿಂದ ಅದು ಗಾಳಿಗೆ ಹೋಗುತ್ತದೆ, ಗಂಟಿನೊಳಗೆ ಕೂಡಿಬೀಳುತ್ತದೆ. 1991ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ 38 ಮಹಡಿಗಳ ಕಟ್ಟಡವೊಂದಕ್ಕೆ ಬೆಂಕಿ ಬಿದ್ದು ಮೂವರು ಅಗ್ನಿಶಾಮಕರು ಸತ್ತರು. ಮರಕ್ಕೆ ಅಗಸೆ ಎಣ್ಣೆ ತಿಕ್ಕಿ ಬಿಟ್ಟುಹೋಗಿದ್ದ ಚಿಂದಿಗಳಿಂದ ಎದ್ದ ಬೆಂಕಿಯದು. ನಾನು ಸಮೀಕರಣ ಬರೆಯಬಲ್ಲೆ. ಬಟ್ಟೆಯನ್ನು ಹರವಬೇಕೆಂದು ನನಗೆ ಹೊಳೆದಿರಲಿಲ್ಲ.

ಮರುದಿನ ಮುಟ್ಟಿ ನೋಡಿ, "ಒಣಗಿತಲ್ಲ!" ಎಂದೆ. ಅವರು ಹೆಬ್ಬೆರಳಿನ ಉಗುರನ್ನು ಮೆಲ್ಲಗೆ ಒತ್ತಿ ತೋರಿಸಿದರು. ಸಣ್ಣ ಗೀರು ಮೂಡಿತು. "ಬೆರಳಿಗೆ ಒಣಗಿದೆ, ಉಗುರಿಗೆ ಒಣಗಿಲ್ಲ. ಇನ್ನೂ ಕೆಲವು ವಾರ ಬೇಕು." ಪುಸ್ತಕಗಳು ಒಣಗುವುದು, ಪಕ್ವವಾಗುವುದು ಎಂದು ಎರಡು ಮಾತುಗಳಲ್ಲಿ ಬೇರೆ ಮಾಡುವುದನ್ನು ಅವರು ಒಂದೇ ಕೈಯಲ್ಲಿ ಬೇರೆ ಮಾಡಿದ್ದರು.

ಆ ವರ್ಷದಿಂದ ತರಗತಿಯಲ್ಲಿ ಎರಡು ಗಾಜಿನ ತುಂಡು ಇಡತೊಡಗಿದೆ. ಒಂದಕ್ಕೆ ಅಗಸೆ ಎಣ್ಣೆ, ಇನ್ನೊಂದಕ್ಕೆ ತೆಂಗಿನೆಣ್ಣೆ. ಮಕ್ಕಳು ದಿನವೂ ಮುಟ್ಟಿ ನೋಡುತ್ತಿದ್ದರು. ನಿವೃತ್ತಳಾಗುವವರೆಗೂ ಆ ಪಾಠ ಬಿಡಲಿಲ್ಲ.

ಅತ್ತೆ 2011ರಲ್ಲಿ ತೀರಿಕೊಂಡರು. ಪೇಂಟರಿಗೆ ಈಗ ಕಣ್ಣು ಮಂದ, ಏಣಿ ಹತ್ತುವುದಿಲ್ಲ. ಮಳೆ ಕಳೆದ ಮೇಲೆ ಬಾಗಿಲಿಗೆ ಎಣ್ಣೆ ಹಚ್ಚುವ ಕೆಲಸ ನನ್ನದು. ಬಟ್ಟಲು ಅತ್ತೆಯದೇ. ತಿಕ್ಕಿ, ಒರೆಸಿ, ಬಟ್ಟೆ ಚೂರುಗಳನ್ನು ಪಾಗಾರದ ಮೇಲೆ ಹರವುತ್ತೇನೆ. ಕೆಲವು ವಾರ ಕಳೆದು ಮೂಲೆಯಲ್ಲೊಂದು ಕಡೆ ಉಗುರು ಒತ್ತಿ ನೋಡುತ್ತೇನೆ. ಗುರುತು ಬೀಳುವುದಿಲ್ಲ. ಬಾಗಿಲು ಗಟ್ಟಿಯಾಗಿದೆ. ಆ ಜೂನ್ ತಿಂಗಳನ್ನು ನೆನೆದರೆ ಮಾತ್ರ, ಇಷ್ಟು ವರ್ಷಗಳ ಮೇಲೂ ಕೈಗೆ ಅಂಟುತ್ತದೆ.