ಧ್ಯಾನಶ್ಲೋಕದ ಬಣ್ಣ

ತಿರುಮಕೂಡಲು ನರಸೀಪುರದ ವೃದ್ಧ ಗೃಹಸ್ಥರೊಬ್ಬರು ಮೊಮ್ಮಗಳೊಡನೆ ನಂಜನಗೂಡಿಗೆ ಬಂದಿದ್ದರು. ಬಾಲ್ಯದಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿ ಓದಿದವರು. ಕಪಿಲೆಯಲ್ಲಿ ಮಿಂದು, ಶ್ರೀಕಂಠೇಶ್ವರನ ದರ್ಶನ ಮಾಡಿ, ಪ್ರದಕ್ಷಿಣೆ ಬರುತ್ತಿರಲು ಹುಡುಗಿಯು ಗಣಪತಿಯ ಮೂರ್ತಿಗಳನ್ನು ಕಂಡು, “ಇಷ್ಟೊಂದು ಗಣಪತಿ ಏಕೆ, ತಾತ? ಎಲ್ಲವೂ ಒಂದೇ ಅಲ್ಲವೆ?” ಎಂದಳು.

ಒಂದೇ ಅಲ್ಲ; ರೂಪಗಳು 32. ಬಾಲಗಣಪತಿಯ ಧ್ಯಾನಶ್ಲೋಕವನ್ನು ಹೇಳಿ ತೋರಿಸೋಣವೆಂದು ವೃದ್ಧರು ಆರಂಭಿಸಿದರು. ಮೊದಲ ಪಾದ ಬಂದಿತು; ಎರಡನೆಯದು ಬರಲಿಲ್ಲ. ಹುಡುಗಿ ಕಾದು ನಿಂತಿದ್ದಳು. ಅವರಿಗೆ ಬಹಳ ಲಜ್ಜೆಯಾಯಿತು.

ಈ 32 ರೂಪಗಳೂ ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ‘ಶ್ರೀತತ್ತ್ವನಿಧಿ’ಯಲ್ಲಿ ನಿರೂಪಿತವಾಗಿವೆ. 1831ರಲ್ಲಿ ಆಂಗ್ಲರು ರಾಜ್ಯಾಡಳಿತವನ್ನು ಕಿತ್ತುಕೊಂಡರೂ ವಿದ್ವಾಂಸರನ್ನೂ ಚಿತ್ರಗಾರರನ್ನೂ ಪೊರೆಯುವ ಅಧಿಕಾರ ಆ ದೊರೆಗೆ ಉಳಿದಿತ್ತು. ಶಕ್ತಿನಿಧಿ ಮೊದಲಾಗಿ ಕೌತುಕನಿಧಿಯವರೆಗೆ ಒಂಬತ್ತು ನಿಧಿಗಳುಳ್ಳ ಆ ಗ್ರಂಥದಲ್ಲಿ ಕನ್ನಡ ಲಿಪಿಯ ಸಂಸ್ಕೃತ ಶ್ಲೋಕವೂ ವರ್ಣಚಿತ್ರವೂ ಜೊತೆಜೊತೆಯಾಗಿವೆ. ಯುರೋಪಿನ ಮಧ್ಯಯುಗದ ಕ್ರೈಸ್ತ ಸನ್ಯಾಸಿಗಳೂ ಚರ್ಮದ ಹಾಳೆಗಳಲ್ಲಿ ಸುವಾರ್ತೆಗಳನ್ನು ಬರೆದು, ಮೊದಲಕ್ಷರಗಳನ್ನು ಚಿನ್ನದ ರೇಕಿನಿಂದಲೂ ಬಣ್ಣಗಳಿಂದಲೂ ಸಿಂಗರಿಸುತ್ತಿದ್ದರು. ಅಲ್ಲಿ ಚಿತ್ರವು ಅಕ್ಷರಕ್ಕೆ ಆಭರಣ. ಇಲ್ಲಿ ಶ್ಲೋಕವೇ ಚಿತ್ರಗಾರನಿಗೆ ವಿಧಿ. ಕೈಗಳೆಷ್ಟು, ಹಿಡಿದ ವಸ್ತು ಯಾವುದು, ಮೈಬಣ್ಣವೇನು ಎಂಬುದನ್ನೆಲ್ಲ ಶ್ಲೋಕವು ವಿಧಿಸುತ್ತದೆ. ಬಾಲಗಣಪತಿಯದು ಎಳೆಯ ಸೂರ್ಯನ ಕಾಂತಿ. ಭಕ್ತಗಣಪತಿಯದು ಶರತ್ಕಾಲದ ಚಂದ್ರನ ಬಿಳುಪು. ಕಲ್ಲಿಗಾದರೋ ತನ್ನ ಬಣ್ಣವೊಂದೇ. ಶಿಲ್ಪಿಯು ಕೈಗಳನ್ನೂ ಫಲಗಳನ್ನೂ ಕಡೆಯಬಲ್ಲನು, ಉದಯರಾಗವನ್ನು ಕಡೆಯಲಾರನು. ಅದನ್ನು ತುಂಬಬೇಕಾದವನು ನೋಡುವವನೇ. ಶ್ಲೋಕವು ಮರೆತುಹೋದರೆ ಮೂರ್ತಿಯು ಭಿನ್ನವಾಗದೆಯೇ ಅರ್ಧವಾಗುತ್ತದೆ.

ವೃದ್ಧರು ಮನೆಗೆ ಮರಳಿ ಹಳೆಯ ಪುಸ್ತಕಗಳನ್ನು ತೆಗೆದು, ಮರೆತ ಪಾದಗಳನ್ನು ಓದಿಕೊಂಡು, ಶ್ಲೋಕವನ್ನು ಹಾಳೆಯೊಂದರ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಟ್ಟರು. ಹುಡುಗಿಯು ಅದರ ಕೆಳಗೆ ಬಾಳೆ, ಮಾವು, ಹಲಸು, ಕಬ್ಬುಗಳನ್ನು ಹಿಡಿದ ಪುಟ್ಟ ಗಣಪತಿಯನ್ನು ಬರೆದಳು. ಸೊಂಡಿಲು ಕೊಂಚ ಸೊಟ್ಟಗಾಯಿತು, ವೃದ್ಧರು ತಿದ್ದಲಿಲ್ಲ. ಬಣ್ಣದ ಪೆಟ್ಟಿಗೆಯನ್ನು ತೆರೆದವಳು ಕೈ ತಡೆದು, “ಎಳೆಯ ಸೂರ್ಯನೆಂದರೆ ಯಾವ ಕೆಂಪು, ತಾತ?” ಎಂದು ಕೇಳಿದಳು.

ಈ ಪ್ರಶ್ನೆಗೆ ಪುಸ್ತಕವನ್ನು ಹುಡುಕುವ ಅಗತ್ಯವಿರಲಿಲ್ಲ. ಮರುದಿನ ಬೆಳಗಿನ ಜಾವದಲ್ಲಿ ಅವಳನ್ನೆಬ್ಬಿಸಿ, ಕೈಹಿಡಿದು, ಕಾವೇರೀ ಕಪಿಲೆಯರ ಸಂಗಮಕ್ಕೆ ಕರೆದುಕೊಂಡು ಹೋಗಿ ಪೂರ್ವಾಭಿಮುಖವಾಗಿ ನಿಲ್ಲಿಸಿದರು.