ಅಂಚಿನಲ್ಲಿ ಮುಗಿಯುವ ಮಾತು

ಬರ್ಮಿಂಗ್‌ಹ್ಯಾಮಿನ ಶನಿವಾರದ ಸಂತೆ. ಟಾರ್ಪಾಲಿನ ಮೇಲೆ ಜಿಟಿಜಿಟಿ ಮಳೆ. ಮೇಜಿನ ಮೇಲೊಂದು ಬಿಸ್ಕತ್ತಿನ ಡಬ್ಬಿ, ಅದರ ತುಂಬ ತಾಮ್ರ. ಕೈ ಹಾಕುತ್ತೇನೆ. ಬೆರಳಿಗೆಲ್ಲ ಅಜ್ಜಿಮನೆಯ ಹಂಡೆಯ ವಾಸನೆ ಹತ್ತುತ್ತದೆ.

ಮೊದಲು ಸಿಕ್ಕಿದ್ದು ದಪ್ಪನೆಯದು. ಕಣ್ಣು ಮುಚ್ಚಿಕೊಂಡೇ ಹೇಳಬಹುದು: 1797ರ ಎರಡು ಪೆನ್ನಿ, ಜನ ‘ಕಾರ್ಟ್‌ವೀಲ್’ ಎಂದು ಕರೆದ ನಾಣ್ಯ. 41 ಮಿಲಿಮೀಟರ್ ಅಗಲ, ಎರಡು ಔನ್ಸ್ ತೂಕ. ಸುತ್ತಲಿನ ಪಟ್ಟಿ ಗಾಡಿಚಕ್ರದ ಹಾಗೆ ಎದ್ದು ನಿಂತಿದೆ. ಅಕ್ಷರಗಳು ಅದರೊಳಗೆ ತಗ್ಗಿ ಕೂತಿವೆ. ಮೂರನೇ ಜಾರ್ಜನ ಕೆನ್ನೆ ಸವೆದುಹೋಗಿದೆ. ತಿರುಗಿಸಿದರೆ ತ್ರಿಶೂಲ ಹಿಡಿದ ಬ್ರಿಟಾನಿಯಾ. ಭೂತಗನ್ನಡಿಯನ್ನು ಗುರಾಣಿಯ ಬುಡಕ್ಕೆ ತರುತ್ತೇನೆ. ಇದೆ, ‘ಸೋಹೋ’! ಇಲ್ಲೇ ಹ್ಯಾಂಡ್ಸ್‌ವರ್ತ್‌ನಲ್ಲಿ ಮ್ಯಾಥ್ಯೂ ಬೋಲ್ಟನ್ ಹಬೆಯಂತ್ರದಿಂದ ಒತ್ತಿದ್ದು. 1808ರಲ್ಲಿ ಮದರಾಸು ಆಧಿಪತ್ಯದ ಕಾಸುಗಳೂ ಅದೇ ಟಂಕಸಾಲೆಯಿಂದ ಹೊರಟವು. ಬಳ್ಳಾರಿಯ ಸಂತೆಗಳಲ್ಲೂ ಕೈ ಬದಲಾಯಿಸಿರಬೇಕು.

ಮುಂದಿನದಕ್ಕೆ ಹಸಿರು ಕಿಲುಬು. “ಹುಣಸೆಹಣ್ಣು ಹಾಕಿ ತಿಕ್ಕಿದರೆ ಫಳಫಳ ಅನ್ನುತ್ತೆ, ಚಿಕ್ಕಪ್ಪ,” ಎನ್ನುತ್ತಾನೆ ಜೊತೆಗೆ ಬಂದ ಅಣ್ಣನ ಮಗ.

“ಬೇಡಪ್ಪ. ಇನ್ನೂರು ವರ್ಷ ಕೂತ ಬಣ್ಣ ಅದು. ತಿಕ್ಕಿದರೆ ಹೋಯ್ತು, ಮತ್ತೆ ಬರಲ್ಲ.”

ಮುಖ ಕಾಣುವಷ್ಟು ಮಾತ್ರ ಮೆತ್ತಗೆ ಬಟ್ಟೆಯಿಂದ ಒತ್ತುತ್ತೇನೆ. ರಾಜನಲ್ಲ! ಓಕ್ ಎಲೆಗಳ ಹಾರದ ನಡುವೆ ತಲೆಗೆ ಮುಸುಕು ಹೊದ್ದ ಗಡ್ಡದ ಮುದುಕ, ಪ್ರಾಚೀನ ಬ್ರಿಟನ್ನಿನ ಪುರೋಹಿತ ಡ್ರೂಯಿಡ್. ನನ್ನ ಎದೆ ಹಾರುತ್ತದೆ. ಆ ಕಾಲದಲ್ಲಿ, 1775ರ ಈಚೆಗೆ, ಸರ್ಕಾರಿ ಟಂಕಸಾಲೆ ತಾಮ್ರ ಒತ್ತುವುದನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿತ್ತು. ಓಡುತ್ತಿದ್ದ ಚಿಲ್ಲರೆಯಲ್ಲಿ ನಕಲಿಯ ಕಾಟ. ಕೂಲಿ ಬಟವಾಡೆಗೆ ಕಾಸಿಲ್ಲ. ವೇಲ್ಸಿನ ಆಂಗಲ್ಸಿ ದ್ವೀಪದಲ್ಲಿ ಪ್ಯಾರಿಸ್ ಎಂಬ ಬೆಟ್ಟ ಅಗೆಯುತ್ತಿದ್ದ ಗಣಿ ಕಂಪನಿ 1787ರಲ್ಲಿ ತನ್ನದೇ ತಾಮ್ರದಿಂದ ತನ್ನದೇ ಪೆನ್ನಿ ಟೋಕನ್ ಹೊರಡಿಸಿತು.

ಹಿಂಬದಿಯಲ್ಲಿ ಕಂಪನಿಯ ಹೆಣೆದ ಅಕ್ಷರಗಳು. ಸುತ್ತಲೂ ಒಂದು ಮಾತು: ತಂದವರಿಗೆ ಒಂದು ಪೆನ್ನಿ ಕೊಡುತ್ತೇವೆಂದು ಮಾತು ಕೊಡುತ್ತೇವೆ. ಎಲ್ಲಿ ಕೊಡುತ್ತಾರೆ? ಮುಖದಲ್ಲೂ ಇಲ್ಲ, ಹಿಂಬದಿಯಲ್ಲೂ ಇಲ್ಲ. ನಾಣ್ಯವನ್ನು ಹೆಬ್ಬೆರಳು ತೋರುಬೆರಳ ನಡುವೆ ನಿಲ್ಲಿಸಿ, ದೀಪದ ಕೆಳಗೆ ನಿಧಾನ ಉರುಳಿಸುತ್ತೇನೆ. ಅಂಚಿನ ತೆಳು ದಾರಿಯಲ್ಲಿ ಅಕ್ಷರಗಳು ಒಂದೊಂದಾಗಿ ಬರುತ್ತವೆ. ಕೇಳಿದಾಗ ಕೊಡುತ್ತೇವೆ, ಲಂಡನ್, ಲಿವರ್‌ಪೂಲ್, ಅಥವಾ...

ಕೊನೆಯ ಹೆಸರು ಸವೆದಿದೆ. ಹುಡುಗ ನನ್ನ ಕೈಯಿಂದ ತೆಗೆದುಕೊಂಡು, ಬೆರಳ ತುದಿಯಿಂದ ಸವರಿ ಸವರಿ ಓದುತ್ತಾನೆ.

“ಆಂಗಲ್ಸಿ, ಚಿಕ್ಕಪ್ಪ.”